ಬಿ.ಎ.ಯಲ್ಲಿ ಐಚ್ಛಿಕ ಕನ್ನಡ: ತಂಗಿಯನ್ನು ಸೇರಿಸಬಹುದಾ?

ಸೀಬೆಕಾಯಿ: ತಂಗಿಗೆ ಪಿಯುಸಿ ಸೈನ್ಸಿನಲ್ಲಿ 88 ಪರ್ಸೆಂಟ್ ಬಂದಿದೆ. ಆದರೆ ಬಿ.ಎ. ಸೇರಿ ಐಚ್ಛಿಕ ಕನ್ನಡ (ಅಂದರೆ ಕನ್ನಡ ಸಾಹಿತ್ಯವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು) ಓದುತ್ತೇನೆ ಎಂದು ಹಠ ಹಿಡಿದಿದ್ದಾಳೆ. ಅಪ್ಪ ಅವಳ ಹತ್ತಿರ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಕೋಡ್‌ಗೌಡ: ಕಥೆ ಕವಿತೆ ಓದೋದಕ್ಕೆ ಡಿಗ್ರಿ ಯಾಕೆ? ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ, ಸಂಖ್ಯಾಶಾಸ್ತ್ರ. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಕಾದಂಬರಿಕಾರ ಯಶವಂತ ಚಿತ್ತಾಲರು ಕೆಮಿಕಲ್ ಎಂಜಿನಿಯರ್. ಸುಮ್ನೆ ಎಂಜಿನಿಯರಿಂಗ್ ಸೇರಿಸಿ. ಕಾದಂಬರಿಯನ್ನು ರಾತ್ರಿ ಓದಿಕೊಳ್ಳಲಿ.

ಹಳಗನ್ನಡದ ಮೇಷ್ಟ್ರು: "ರಾತ್ರಿ ಓದಿಕೊಳ್ಳಲಿ"! ಕೇಶಿರಾಜನ ವ್ಯಾಕರಣ, ಛಂದಸ್ಸು, ಕಾವ್ಯಮೀಮಾಂಸೆ ಎಲ್ಲ ಊಟ ಮುಗಿಸಿ ಮಲಗುವ ಮೊದಲು ಓದುವಂಥದ್ದಾ? ಪಂಪನ ಒಂದು ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ತೋರಿಸಿ, ಆಮೇಲೆ ಮಾತಾಡೋಣ. ಕುವೆಂಪು, ಜಿ.ಎಸ್. ಶಿವರುದ್ರಪ್ಪ ಕನ್ನಡ ಎಂ.ಎ. ಮಾಡಿದವರು. ಅನಂತಮೂರ್ತಿ ಇಂಗ್ಲಿಷ್ ಸಾಹಿತ್ಯ ಓದಿದವರು.

ಕೋಡ್‌ಗೌಡ: ಎಂ.ಎ. ಸಾರ್, ಎಂ.ಎ.! ಇಲ್ಲಿರೋ ಪ್ರಶ್ನೆ ಬಿ.ಎ.ದು. ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾಗಿದ್ದೇ 1927ರಲ್ಲಿ, ಕುವೆಂಪು ಮುಗಿಸಿದ್ದು 1929ರಲ್ಲಿ. ಆ ಕಾಲವೇ ಬೇರೆ.

ಧಾರವಾಡಿ: ನಮ್ಮ ಕಾರ್ನಾಡರ ಕಥೆ ಅರ್ಧಕ್ಕೇ ಬಿಟ್ಟಿರಲ್ಲರೀ! ಗಣಿತ ಮುಗಿಸಿ ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. ಅಂದರೆ ಪೂರಾ ಆರ್ಟ್ಸ್.

ಕೋಡ್‌ಗೌಡ: ಅದರಲ್ಲೂ ಸಾಹಿತ್ಯ ಇಲ್ಲವಲ್ಲ. ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ, ಥ್ಯಾಂಕ್ಸ್.

ಧಾರವಾಡಿ: ಬೇಂದ್ರೆ ಅಜ್ಜ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವರು. ಅದಕ್ಕೇನಂತೀರಿ?

ಕೋಡ್‌ಗೌಡ: ಪಾಠ ಮಾಡಿದ್ದು ಬೇರೆ, ಬಿ.ಎ.ಯಲ್ಲಿ ಓದಿದ್ದು ಬೇರೆ.

ಧಾರವಾಡಿ: ಓದದೇ ಪಾಠ ಮಾಡಿದರಾ? ನಿಮಗೆ ವಾದ ಬೇಕು, ಉತ್ತರ ಬೇಡ.

ಉಷಾ ಮೇಡಂ: ದೊಡ್ಡವರ ಮಾರ್ಕ್ಸ್ ಕಾರ್ಡ್ ಎಣಿಸಿದ್ದು ಸಾಕು. ಆ ಹುಡುಗಿ ನಾಳೆ ಊಟ ಮಾಡಬೇಕಲ್ಲ? ನಾನು ಐಚ್ಛಿಕ ಕನ್ನಡ, ಎಂ.ಎ., ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಎಲ್ಲ ಮುಗಿಸಿ ಅತಿಥಿ ಉಪನ್ಯಾಸಕಿ ಆಗಿದ್ದೇನೆ. ರಜೆಯ ತಿಂಗಳಲ್ಲಿ ಸಂಬಳ ಇಲ್ಲ. 2023ರ ಕೊನೆಯಲ್ಲಿ ನಾವೆಲ್ಲ ಪಾಠ ನಿಲ್ಲಿಸಿ ಧರಣಿ ಕೂತಿದ್ದು ಕವಿತೆ ಓದೋದಕ್ಕಲ್ಲ.

ಹಳಗನ್ನಡದ ಮೇಷ್ಟ್ರು: ಊಟದ ಮಾತಾ? ಐಎಎಸ್ ಮೇನ್ಸ್‌ನಲ್ಲಿ ಕನ್ನಡ ಸಾಹಿತ್ಯ ತಗೊಂಡರೆ ಎರಡು ಪತ್ರಿಕೆ, 500 ಅಂಕ. ಬಿ.ಎ.ಯಲ್ಲಿ ಓದಿದವರಿಗೆ ಅರ್ಧ ಕೆಲಸ ಮುಗಿದ ಹಾಗೇ.

ಉಷಾ ಮೇಡಂ: "ಅರ್ಧ ಕೆಲಸ" ಅಂತೆ! ಬರೀ ಬರಹದ ಪರೀಕ್ಷೆಗೇ 1750 ಅಂಕ ಇದೆ ಸಾರ್. ಕನ್ನಡ ಸಾಹಿತ್ಯವನ್ನು ಎಂಜಿನಿಯರುಗಳೂ ಐಚ್ಛಿಕವಾಗಿ ತಗೊಳ್ಳಬಹುದು, ಬಿ.ಎ. ಕನ್ನಡವೇ ಬೇಕೆಂದಿಲ್ಲ. ಕೆಎಎಸ್ ಮೇನ್ಸ್‌ನಲ್ಲಂತೂ ಈಗ ಐಚ್ಛಿಕ ವಿಷಯವೇ ಇಲ್ಲ. ಮಕ್ಕಳಿಗೆ ಹೀಗೆ ಆಸೆ ಹುಟ್ಟಿಸುವುದು ತಪ್ಪಲ್ವಾ?

ಹಳಗನ್ನಡದ ಮೇಷ್ಟ್ರು: ಆಸೆ ಹುಟ್ಟಿಸಿದ್ದೇ ತಪ್ಪಾದರೆ ನೀವು ಕ್ಲಾಸಿನಲ್ಲಿ ಏನು ಹೇಳುತ್ತೀರಿ ತಾಯಿ? ಪಂಪನನ್ನು ಬಿಟ್ಟು ಸಂಬಳದ ಚೀಟಿ ಓದಿಸುತ್ತೀರಾ?

ಉಷಾ ಮೇಡಂ: ನಿಮ್ಮ ಪಿಂಚಣಿ ತಿಂಗಳಿಗೆ ಸರಿಯಾಗಿ ಬರುತ್ತಿದೆ ಅನ್ನೋದು ಈ ಮಾತಿನಲ್ಲೇ ಗೊತ್ತಾಗುತ್ತದೆ.

ಸೀಬೆಕಾಯಿ: ಡಿಗ್ರಿ ಈಗ ಮೂರು ವರ್ಷವಾ, ನಾಲ್ಕಾ?

ಕರಾವಳಿ ಕಾಗೆ: ಮೂರು. ನಾಲ್ಕು ವರ್ಷದ್ದು 2021ರಲ್ಲಿ ಬಂತು, 2024ರಲ್ಲಿ ಮತ್ತೆ ಮೂರಾಯಿತು. ಕನ್ನಡದ ಜೊತೆ ಪತ್ರಿಕೋದ್ಯಮ ಸಿಗುವ ಕಾಲೇಜು ನೋಡಿ. ಬಿ.ಇಡಿ. ಮಾಡಿದರೆ ಹೈಸ್ಕೂಲು ಮೇಷ್ಟ್ರ ಕೆಲಸಕ್ಕೂ ಅರ್ಜಿ ಹಾಕಬಹುದು.

ಕೋಡ್‌ಗೌಡ: "ಅರ್ಜಿ ಹಾಕಬಹುದು." ಸರಿಯಾಗಿ ಹೇಳಿದಿರಿ, ಕೆಲಸ ಸಿಗುತ್ತದೆ ಅನ್ನಲಿಲ್ಲ.

ಧಾರವಾಡಿ: ಬೇಂದ್ರೆಯವರ ವಿಷಯಕ್ಕೆ ಉತ್ತರ ಇನ್ನೂ ಕೊಟ್ಟಿಲ್ಲ ನೀವು.

ಕೋಡ್‌ಗೌಡ: ಕೊಡುವುದೂ ಇಲ್ಲ. ಆಫೀಸಿಗೆ ಹೊರಟೆ. ಎಂಜಿನಿಯರಿಂಗ್ ಓದಿದವರಿಗೆ ಆಫೀಸು ಅಂತ ಒಂದು ಇರುತ್ತದೆ.

ಹಳಗನ್ನಡದ ಮೇಷ್ಟ್ರು: ಭಾನುವಾರವೂ ಬಿಡುವುದಿಲ್ಲವಾ ಪಾಪ!