ಹಳೆಯ ಫಿಲ್ಮ್ ಕ್ಯಾಮೆರಾಗಳು: ಮೊದಲ ರೀಲು ಹಾಕುವ ಮುನ್ನ ಏನೇನು ಪರೀಕ್ಷಿಸಬೇಕು?

ಛಾಯಾಸಕ್ತ (ಪ್ರಶ್ನೆ)

ನಮ್ಮ ಕುಟುಂಬದ ಹಿರಿಯರೊಬ್ಬರು ತಮ್ಮ ಸಂಗ್ರಹದಲ್ಲಿದ್ದ ಮೂರು ಕ್ಯಾಮೆರಾಗಳನ್ನು ನನಗೆ ಒಪ್ಪಿಸಿದ್ದಾರೆ. ಒಂದು ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್, ಇನ್ನೊಂದು ಕ್ಯಾನೊನೆಟ್ ಕ್ಯುಎಲ್17 ಜಿ-3, ಮತ್ತೊಂದು ಯಾಶಿಕಾ ಎಲೆಕ್ಟ್ರೊ 35. ಮೂರೂ ಬಹಳ ವರ್ಷಗಳಿಂದ ಚರ್ಮದ ಚೀಲಗಳಲ್ಲೇ ಇದ್ದವು. ಹೊರಮೈ ಚೆನ್ನಾಗಿದೆ. ಆದರೆ ಸ್ಪಾಟ್‌ಮ್ಯಾಟಿಕ್‌ನ 50 ಮಿ.ಮೀ. ಎಫ್/1.4 ಲೆನ್ಸನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿದರೆ ಗಾಜು ಹಳದಿಯಾಗಿ ಕಾಣುತ್ತದೆ. ಕ್ಯಾನೊನೆಟ್‌ನ ಹಿಂಬಾಗಿಲಿನ ಅಂಚಿನಲ್ಲಿರುವ ಕಪ್ಪು ಸ್ಪಂಜು ಮುಟ್ಟಿದರೆ ಡಾಂಬರಿನಂತೆ ಬೆರಳಿಗೆ ಅಂಟುತ್ತದೆ. ಯಾಶಿಕಾದೊಳಗೆ ರೀಲು ಉಳಿದಿರಬಹುದೆಂಬ ಅನುಮಾನದಿಂದ ಅದರ ಬಾಗಿಲನ್ನು ನಾನಿನ್ನೂ ತೆರೆದಿಲ್ಲ.

ಇವುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುವುದಕ್ಕಿಂತ ಇವುಗಳಲ್ಲಿ ಚಿತ್ರ ತೆಗೆಯಬೇಕೆಂಬುದು ನನ್ನ ಆಸೆ. ಫಿಲ್ಮ್ ಹಾಕುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಯಾವುವು, ಇಂದು ಸಿಗದ ಪಾದರಸದ ಬ್ಯಾಟರಿಗಳಿಗೆ ಬದಲಿ ಏನು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿಕೊಡಬೇಕು.

ಹಳೆಮಸೂರ

ಮೊದಲು ಯಾಶಿಕಾವನ್ನು ನೋಡಿ, ಏಕೆಂದರೆ ಬೆಳಕು ತಗುಲಿದ ಫಿಲ್ಮನ್ನು ಮತ್ತೆ ಉಳಿಸಿಕೊಳ್ಳಲಾಗದು. ರಿವೈಂಡ್ ಗುಂಡಿಯ ಹಿಡಿಯನ್ನು ಬಿಡಿಸಿ ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ತಡೆಯಿಲ್ಲದೆ ಸುತ್ತುತ್ತಲೇ ಹೋದರೆ ಒಳಗೆ ಫಿಲ್ಮ್ ಇಲ್ಲ. ಬಿಗಿಯಾಗಿ ತಡೆದರೆ ಇದೆ. ಇದ್ದರೆ ತಳದ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಹಿಂದಕ್ಕೆ ಸುತ್ತಿದ ಮೇಲೆಯೇ ಬಾಗಿಲು ತೆರೆಯಿರಿ. ಡಬ್ಬಿಯ ಮೇಲೆ ಸಿ-41 (ಬಣ್ಣದ ನೆಗೆಟಿವ್ ತೊಳೆಯುವ ಸಾಮಾನ್ಯ ವಿಧಾನ) ಎಂದಿದ್ದರೆ ಅದನ್ನು ಇಂದಿಗೂ ತೊಳೆಸಬಹುದು. ಕೊಡಾಕ್ ಕಂಪನಿಯ ಹಳೆಯ ಬಣ್ಣದ ಫಿಲ್ಮಾದ ಕೊಡಾಕ್ರೋಮ್ ಆಗಿದ್ದರೆ ಮಾತ್ರ ಬಣ್ಣದ ಆಸೆ ಬಿಡಬೇಕು. ಅದನ್ನು ತೊಳೆಯುತ್ತಿದ್ದ ಕೊನೆಯ ಪ್ರಯೋಗಾಲಯವೂ 2010ರ ಕೊನೆಗೆ ಹೊಸ ರೀಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕಪ್ಪು-ಬಿಳುಪು ರಾಸಾಯನಿಕಗಳಲ್ಲಿ ಬಿಂಬವನ್ನು ಹೊರತೆಗೆಯುವ ದಾರಿ ಉಳಿದಿದೆ.

ಹಳದಿ ಗಾಜಿನ ಬಗ್ಗೆ ಆತಂಕ ಬೇಡ. ನಿಮ್ಮ ಆ 50 ಮಿ.ಮೀ. ಎಫ್/1.4 ಟಕುಮಾರ್ (ಪೆಂಟಾಕ್ಸ್ ಲೆನ್ಸುಗಳ ಹೆಸರು) ಲೆನ್ಸಿನ ಏಳು ಗಾಜುಗಳ ಮಾದರಿಯಲ್ಲಿ ಥೋರಿಯಂ ಬೆರೆತ ಗಾಜನ್ನು ಬಳಸಲಾಗಿತ್ತು. ಆ ಥೋರಿಯಂ ಹೊಮ್ಮಿಸುವ ವಿಕಿರಣವೇ ದಶಕಗಳಲ್ಲಿ ಗಾಜನ್ನು ಹಳದಿ ಮಾಡುತ್ತದೆ. ಲೆನ್ಸನ್ನು ಕೆಲವು ದಿನ ನೇರಳಾತೀತ ದೀಪದ ಕೆಳಗಿಟ್ಟರೆ ಬಣ್ಣ ಬಹುಮಟ್ಟಿಗೆ ತಿಳಿಯಾಗುತ್ತದೆ. ಬೂಷ್ಟಿನ ವಿಷಯ ಹಾಗಲ್ಲ. ಟಾರ್ಚಿನ ಬೆಳಕನ್ನು ಲೆನ್ಸಿನ ಒಂದು ಕಡೆಯಿಂದ ಹಾಯಿಸಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಶಿಲೀಂಧ್ರ, ಬಹಳ ಕಾಲ ಬಿಟ್ಟರೆ ಗಾಜಿನ ಲೇಪವನ್ನೇ ಕೊರೆದುಬಿಡುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಕ್ಯಾಮೆರಾಗಳನ್ನು ಇಂದೇ ಅದರಿಂದ ಹೊರಗಿಡಿ. ತೇವಾಂಶ ಶೇ. 40ರಿಂದ 50ರ ಆಸುಪಾಸಿನಲ್ಲಿರುವ ಮುಚ್ಚಿದ ಪೆಟ್ಟಿಗೆ ಒಳ್ಳೆಯದು.

ಇನ್ನು ಫಿಲ್ಮಿಗೆ ಬೆಳಕು ಬಿಡುವ ಶಟರ್. ಸ್ಪಾಟ್‌ಮ್ಯಾಟಿಕ್‌ನ ಶಟರ್ ಪೂರ್ತಿ ಯಾಂತ್ರಿಕವಾದ್ದರಿಂದ ಅದಕ್ಕೆ ಬ್ಯಾಟರಿ ಬೇಡ. ಲೆನ್ಸನ್ನು ತಿರುಗಿಸಿ ತೆಗೆದು, ಹಿಂಬಾಗಿಲನ್ನು ತೆರೆದು, ಬೆಳಗುವ ಗೋಡೆಯತ್ತ ಹಿಡಿದು ಒಂದು ಸೆಕೆಂಡಿನಿಂದ 1/1000ರ ವರೆಗೆ ಪ್ರತಿ ವೇಗದಲ್ಲೂ ಗುಂಡಿ ಒತ್ತಿ ನೋಡಿ. ನಿಧಾನದ ವೇಗಗಳಲ್ಲಿ ಶಟರಿನ ಪರದೆ ನಡುವೆ ಸಿಕ್ಕಿಕೊಂಡರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. 1/1000ರಲ್ಲಿ ಚೌಕಟ್ಟಿನ ಒಂದು ಬದಿ ಕತ್ತಲಾಗಿಯೇ ಉಳಿದರೆ ಎರಡು ಪರದೆಗಳ ಓಟ ಹೊಂದುತ್ತಿಲ್ಲ. ಕ್ಯಾನೊನೆಟ್‌ನದು ಲೆನ್ಸಿನ ನಡುವೆ ಕೂರುವ ಲೀಫ್ ಶಟರ್. ಎಣ್ಣೆ ಅಲಗುಗಳಿಗೆ ಹರಿದಿದ್ದರೆ ಗುಂಡಿ ಒತ್ತಿದ ಸದ್ದು ಬಂದರೂ ಅಲಗು ತೆರೆಯುವುದಿಲ್ಲ. ಅದನ್ನು ಕೈಯಾರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರದ ಅಳತೆ) ಆರಿಸುವ ಕ್ರಮದಲ್ಲೇ ಪರೀಕ್ಷಿಸಬೇಕು. ಸ್ವಯಂಚಾಲಿತ ‘ಎ’ ಸ್ಥಾನದಲ್ಲಿ ಬ್ಯಾಟರಿ ಇಲ್ಲದಿದ್ದರೆ ಗುಂಡಿ ಕೆಳಗಿಳಿಯುವುದೇ ಇಲ್ಲ, ಅದು ದೋಷವಲ್ಲ. ಸೆಲ್ಫ್ ಟೈಮರನ್ನು ಮಾತ್ರ ಯಾವುದರಲ್ಲೂ ಮುಟ್ಟಬೇಡಿ. ವರ್ಷಗಟ್ಟಲೆ ಅಲುಗಾಡದ ಆ ಹಲ್ಲುಚಕ್ರಗಳು ಅರ್ಧದಲ್ಲಿ ನಿಂತರೆ ಶಟರ್ ಕೂಡ ಅವುಗಳ ಜೊತೆಗೇ ಸಿಕ್ಕಿಕೊಳ್ಳುತ್ತದೆ.

ಕತ್ತಲಕೋಣೆ

ಹಳೆಮಸೂರ ಅವರ ಮಾತಿಗೆ ಬ್ಯಾಟರಿಯ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಹಳೆಯ ಕ್ಯಾಮೆರಾಗಳ ಬೆಳಕಳೆಯುವ ಮೀಟರ್ ಕೆಟ್ಟಿದೆ ಎಂದು ದೂರುವವರಲ್ಲಿ ಅನೇಕರ ತೊಂದರೆ ಇರುವುದು ಮೀಟರಿನಲ್ಲಲ್ಲ, ಸೆಲ್‌ನಲ್ಲಿ. ಕ್ಯಾನೊನೆಟ್‌ಗೆ ಬೇಕಾದದ್ದು 1.35 ವೋಲ್ಟಿನ ಪಿಎಕ್ಸ್625 ಪಾದರಸದ ಸೆಲ್. ಬಾಳಿಕೆಯುದ್ದಕ್ಕೂ ಅದರ ವೋಲ್ಟೇಜ್ ಬಹುತೇಕ ಒಂದೇ ಸಮನಾಗಿ ಇರುತ್ತಿತ್ತು, ಮೀಟರನ್ನು ರೂಪಿಸಿದವರು ಆ ಗುಣವನ್ನೇ ನೆಚ್ಚಿಕೊಂಡಿದ್ದರು. ಇಂದು ಅದೇ ಗಾತ್ರದಲ್ಲಿ ಸಿಗುವ ಆಲ್ಕಲೈನ್ ಸೆಲ್ 1.5 ವೋಲ್ಟಿನಿಂದ ಆರಂಭವಾಗಿ ಬಳಸಿದಂತೆಲ್ಲ ಇಳಿಯುತ್ತದೆ. ಹೀಗಾಗಿ ಮೊದಮೊದಲು ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದು ತೋರಿಸಿ ಚಿತ್ರಗಳನ್ನು ಕಪ್ಪಾಗಿಸುತ್ತದೆ, ಆಮೇಲೆ ಅದರ ತಪ್ಪಿನ ಪ್ರಮಾಣವೇ ದಿನದಿನಕ್ಕೆ ಬದಲಾಗುತ್ತದೆ.

ಶ್ರವಣ ಸಾಧನಗಳಲ್ಲಿ ಬಳಸುವ 675 ಸಂಖ್ಯೆಯ ಜಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟನ್ನು ಸ್ಥಿರವಾಗಿ ಕೊಡುತ್ತದೆ. ಅಡ್ಡಳತೆ ಚಿಕ್ಕದಾದ್ದರಿಂದ ಸುತ್ತಲೂ ಒಂದು ಉಂಗುರ ಕೊಟ್ಟು ಕೂರಿಸಬೇಕು. ಅಂಟುಪಟ್ಟಿ ಕಿತ್ತು ಗಾಳಿ ತಗುಲಿದ ಮೇಲೆ ಬಳಸಿದರೂ ಬಳಸದಿದ್ದರೂ ಅದರ ಆಯುಷ್ಯ ಕೆಲವೇ ವಾರಗಳು. ದೀರ್ಘಕಾಲ ಬೇಕೆನ್ನುವವರು 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಸೆಲ್ ಹಾಕಿ, ಹೆಚ್ಚುವರಿ ವೋಲ್ಟೇಜನ್ನು ಇಳಿಸಲು ಸರ್ಕಿಟ್‌ನಲ್ಲಿ ಒಂದು ಶಾಟ್ಕಿ ಡಯೋಡನ್ನು ಬೆಸುಗೆ ಹಾಕಿಸಿಕೊಳ್ಳುತ್ತಾರೆ. ನಾನು ಈ ಎರಡನೆಯ ದಾರಿಯನ್ನೇ ಸೂಚಿಸುತ್ತೇನೆ. ಸ್ಪಾಟ್‌ಮ್ಯಾಟಿಕ್‌ಗೆ ಈ ಚಿಂತೆಯೇ ಇಲ್ಲ: ಅದರ ಮೀಟರ್ ಬ್ರಿಜ್ ಸರ್ಕಿಟ್ ಆಗಿರುವುದರಿಂದ ವೋಲ್ಟೇಜಿನ ವ್ಯತ್ಯಾಸ ಅದು ತೋರಿಸುವ ಅಳತೆಯ ಮೇಲೆ ಹೆಚ್ಚು ಪರಿಣಾಮ ಬೀರುವುದಿಲ್ಲ. ಯಾಶಿಕಾ ಮಾತ್ರ ಬ್ಯಾಟರಿಯನ್ನೇ ಅವಲಂಬಿಸಿದ ಯಂತ್ರ. 5.6 ವೋಲ್ಟಿನ ಮೂಲ ಬ್ಯಾಟರಿಯ ಬದಲು ಅಡಾಪ್ಟರಿನೊಂದಿಗೆ 6 ವೋಲ್ಟಿನದು ನಡೆಯುತ್ತದೆ. ಬ್ಯಾಟರಿ ಇಲ್ಲದಿದ್ದರೆ ಅದರ ಶಟರ್ 1/500 ಒಂದರಲ್ಲೇ ಓಡುತ್ತದೆ. ಹಳೆಯ ಪಾದರಸದ ಸೆಲ್ ಒಳಗೇ ಉಳಿದಿದ್ದರೆ ಅದನ್ನು ಕಸಕ್ಕೆ ಎಸೆಯದೆ ಅಪಾಯಕಾರಿ ತ್ಯಾಜ್ಯವನ್ನು ತೆಗೆದುಕೊಳ್ಳುವವರಿಗೆ ತಲುಪಿಸಿ.

ಸಂಗ್ರಾಹಕ

ಡಯೋಡ್ ಬೆಸುಗೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಲ್ಚಿಪ್ಪನ್ನೋ ತಳವನ್ನೋ ಬಿಚ್ಚಿ ಮೂಲ ತಂತಿಯನ್ನು ಕತ್ತರಿಸಿದ ಮೇಲೆ ಕ್ಯಾಮೆರಾ ತಯಾರಾದ ಸ್ಥಿತಿಗೆ ಮರಳುವುದಿಲ್ಲ. ಡಯೋಡನ್ನೇ ಒಳಗೆ ಅಡಗಿಸಿಕೊಂಡ ಲೋಹದ ಅಡಾಪ್ಟರುಗಳು ಸಿಗುತ್ತವೆ. ಸೆಲ್‌ನ ಜಾಗದಲ್ಲಿ ಕೂರಿಸಿದರೆ ಸಾಕು, ಬೇಡವಾದಾಗ ತೆಗೆದಿಡಬಹುದು. ಹಿಂದಿನ ಸ್ಥಿತಿಗೆ ತರಲಾಗದ ಬದಲಾವಣೆಯನ್ನು ಮಾಡಬಾರದೆಂಬುದು ನನ್ನ ನಿಲುವು, ಅದು ಅಪರೂಪದ ಕ್ಯಾಮೆರಾಗಳಿಗೆ ಮಾತ್ರವಲ್ಲ, ಲಕ್ಷಗಟ್ಟಲೆ ತಯಾರಾದವುಗಳಿಗೂ ಅನ್ವಯಿಸುತ್ತದೆ.

ಆದರೆ ಸ್ಪಂಜನ್ನು ಬದಲಿಸಲೇಬೇಕು. ಬೆಳಕು ಒಳನುಗ್ಗದಂತೆ ತಡೆಯುವ ಈ ಫೋಮ್ ಕಾಲಕ್ರಮದಲ್ಲಿ ಕರಗಿ ಪುಡಿಯಾಗುತ್ತದೆ, ಅದರ ತುಣುಕುಗಳು ಶಟರಿನೊಳಕ್ಕೆ ಬೀಳುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹಳೆಯದನ್ನು ಒರೆಸಿ ತೆಗೆದು, ತೋಡಿನಲ್ಲಿ ತೆಳುವಾದ ಹೊಸ ಫೋಮನ್ನೋ ಕಪ್ಪು ಉಣ್ಣೆಯ ದಾರವನ್ನೋ ಕೂರಿಸಿ. ಸ್ಪಾಟ್‌ಮ್ಯಾಟಿಕ್‌ನ ಕನ್ನಡಿ ಮೇಲೆದ್ದು ತಾಗುವ ಜಾಗದಲ್ಲೂ ಇಂಥದೇ ಪಟ್ಟಿಯಿದೆ. ಅಲ್ಲಿ ಕೆಲಸ ಮಾಡುವಾಗ ಆ ದ್ರವ ಕನ್ನಡಿಯ ಮೇಲಿರುವ, ಬಿಂಬ ಮೂಡುವ ಫೋಕಸಿಂಗ್ ಸ್ಕ್ರೀನಿಗೆ ತಾಗಬಾರದು. ಕನ್ನಡಿಯನ್ನು ಬಟ್ಟೆಯಿಂದ ಒರೆಸಲೂಬೇಡಿ, ಅದರ ಪ್ರತಿಫಲಿಸುವ ಲೇಪ ಮುಂಬದಿಯಲ್ಲೇ ಇರುವುದರಿಂದ ಒಂದೇ ಒರೆತಕ್ಕೆ ಗೀರು ಬೀಳುತ್ತದೆ. ಗಾಳಿ ಊದುವ ರಬ್ಬರ್ ಬಲ್ಬ್ ಸಾಕು.

ಛಾಯಾಸಕ್ತ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಯಾಶಿಕಾದ ರಿವೈಂಡ್ ಗುಂಡಿ ತಡೆಯಿಲ್ಲದೆ ತಿರುಗಿತು, ಒಳಗೆ ಫಿಲ್ಮ್ ಇರಲಿಲ್ಲ. ಸ್ಪಾಟ್‌ಮ್ಯಾಟಿಕ್‌ನ ಶಟರ್ ಅರ್ಧ ಸೆಕೆಂಡಿನಲ್ಲೂ ಒಂದು ಸೆಕೆಂಡಿನಲ್ಲೂ ತಡವರಿಸುತ್ತದೆ, ಉಳಿದ ವೇಗಗಳು ಸರಿಯಿರುವಂತೆ ಕಾಣುತ್ತವೆ. ಇದನ್ನು ಮೊದಲು ದುರಸ್ತಿಗೆ ಕೊಡಬೇಕೇ, ಅಥವಾ ಒಂದು ರೀಲು ಹಾಕಿ ನೋಡಬಹುದೇ?

ಹಳೆಮಸೂರ

ಧಾರಾಳವಾಗಿ ಹಾಕಿ ನೋಡಿ. ಬಿಸಿಲಿನಲ್ಲಿ ಆ ಎರಡು ವೇಗಗಳ ಅಗತ್ಯವೇ ಬರುವುದಿಲ್ಲ, ಅಲ್ಲದೆ ಏನನ್ನು ರಿಪೇರಿ ಮಾಡಿಸಬೇಕೆಂಬುದನ್ನು ತೊಳೆದ ನೆಗೆಟಿವೇ ನಮ್ಮ ಊಹೆಗಿಂತ ಚೆನ್ನಾಗಿ ಹೇಳುತ್ತದೆ. ಸ್ಲೈಡ್ ಫಿಲ್ಮ್ (ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರ ಮೂಡುವುದು) ಬೇಡ, 200 ಐಎಸ್‌ಒದ ನೆಗೆಟಿವ್ ಫಿಲ್ಮ್ ಇರಲಿ. ಹಳೆಯ ಶಟರುಗಳು ಸಾಮಾನ್ಯವಾಗಿ ನಿಧಾನವಾಗಿ ಓಡಿ ಹೆಚ್ಚು ಬೆಳಕನ್ನು ಒಳಬಿಡುತ್ತವೆ, ಅದನ್ನು ನೆಗೆಟಿವ್ ತಾಳಿಕೊಳ್ಳುತ್ತದೆ, ಸ್ಲೈಡ್ ತಾಳದು. ನಿಚ್ಚಳ ಬಿಸಿಲಿದ್ದರೆ ಅಪರ್ಚರ್ ಎಫ್/16, ಶಟರ್ ವೇಗ 1/250. ಮೋಡ ಕವಿದಿದ್ದರೆ ಅದೇ ವೇಗದಲ್ಲಿ ಎಫ್/8. ಮೀಟರ್ ಹೇಳುವುದನ್ನು ಈ ಲೆಕ್ಕದೊಂದಿಗೆ ಹೋಲಿಸುತ್ತಾ ಹೋಗಿ. ಒಂದೇ ದೃಶ್ಯವನ್ನು ಬೇರೆ ಬೇರೆ ವೇಗಗಳಲ್ಲಿ, ಅಪರ್ಚರನ್ನು ತಕ್ಕಂತೆ ಹೊಂದಿಸಿಕೊಂಡು ತೆಗೆದು, ಯಾವ ಚೌಕಟ್ಟಿಗೆ ಯಾವ ವೇಗವೆಂದು ಪುಸ್ತಕದಲ್ಲಿ ಬರೆದಿಡಿ. ನೆಗೆಟಿವ್‌ಗಳ ಸಾಂದ್ರತೆ ಒಂದೇ ಆಗಿದ್ದರೆ ಆ ವೇಗಗಳು ಪರಸ್ಪರ ಹೊಂದುತ್ತಿವೆ. ಒಂದು ಬದಿಯಲ್ಲಿ ಮಾತ್ರ ತೆಳುವಾಗಿದ್ದರೆ ಪರದೆಯ ಬಿಗಿತವನ್ನು ಸರಿಪಡಿಸಬೇಕಾಗುತ್ತದೆ. ಆ ಕೆಲಸವನ್ನು ತಿಳಿದವರಿಗೇ ಬಿಡಿ, ಕ್ಯಾಮೆರಾದ ಜೊತೆಗೆ ಆ ನೆಗೆಟಿವ್ ಮತ್ತು ನಿಮ್ಮ ಟಿಪ್ಪಣಿಯನ್ನೂ ಅವರಿಗೆ ಕೊಡಿ.