ಎಐ ಸಹಾಯಕನ ಕರೆ: ‘ಹೂಂ’ ಅನ್ನುವ ಮುಂಚೆಯೇ ರೆಕಾರ್ಡ್ ಆದರೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಹಲ್ಲಿನ ಕ್ಲಿನಿಕ್ ಒಂದಕ್ಕೆ ನಾವು ಬೆಂಗಳೂರಿನಿಂದ ಎಐ ಸಹಾಯಕ ನಡೆಸುತ್ತೇವೆ. ಅದು ರೋಗಿಗಳಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಖಚಿತಪಡಿಸಿಕೊಳ್ಳುತ್ತದೆ. ಎಲ್ಲ ಕರೆಯೂ ರೆಕಾರ್ಡ್ ಆಗುತ್ತದೆ. ಸರ್ವರ್ ಇಲ್ಲಿದೆ, ಅಲ್ಲಿನ ಕಾನೂನು ನಮಗೇಕೆ ಅನ್ನುವುದು ನಮ್ಮ ಟೀಮಿನವರ ವಾದ. ಸರಿಯೇ?

ಉತ್ತರ: ಸರಿಯಲ್ಲ ಸರ್. ಅಲ್ಲಿನ ದಂಡಸಂಹಿತೆಯ ಸೆಕ್ಷನ್ 632ರಂತೆ ಗೋಪ್ಯ ಮಾತುಕತೆ ರೆಕಾರ್ಡ್ ಮಾಡಲು ಮಾತಾಡುವ ಎಲ್ಲರ ಒಪ್ಪಿಗೆ ಬೇಕು. ಮೊಬೈಲ್ ಕರೆಗೆ 632.7 ಇದೆ. ಅಮೆರಿಕದ್ದೇ ಇನ್ನೊಂದು ರಾಜ್ಯ ಜಾರ್ಜಿಯಾದಲ್ಲಿ ಕೂತು ರೆಕಾರ್ಡ್ ಮಾಡಿದ ಕ್ಯಾಲಿಫೋರ್ನಿಯಾ ಗ್ರಾಹಕರ ಕರೆಗಳಿಗೂ ಕ್ಯಾಲಿಫೋರ್ನಿಯಾ ಕಾನೂನೇ ಅನ್ವಯ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಒಂದೊಂದು ಉಲ್ಲಂಘನೆಗೆ 5,000 ಡಾಲರ್ ಪರಿಹಾರ ಕೇಳಬಹುದು. ಸಾವಿರ ಕರೆಗೆ ನೀವೇ ಗುಣಿಸಿ ನೋಡಿ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಫೋನ್ ಎತ್ತಿದ ಕೂಡಲೇ ರೆಕಾರ್ಡಿಂಗ್ ಶುರುವಾಗುವ ಹಾಗೆ ಸೆಟ್ಟಿಂಗ್ ಇಟ್ಟಿರುತ್ತಾರೆ. ಸೂಚನೆ ಮುಗಿಯುವಷ್ಟರಲ್ಲಿ ರೋಗಿಯ ಎರಡು ಮಾತು ಫೈಲಿಗೆ ಬಿದ್ದಿರುತ್ತದೆ. ಮೊದಲು ‘ನಾನು ಕ್ಲಿನಿಕ್ಕಿನ ಎಐ ಸಹಾಯಕ, ಈ ಕರೆ ರೆಕಾರ್ಡ್ ಮಾಡಬಹುದೇ?’ ಎಂದು ಕೇಳಿಸಿ. ಸ್ಪಷ್ಟವಾಗಿ ‘ಆಯ್ತು’ ಬಂದ ಮೇಲೆ ರೆಕಾರ್ಡಿಂಗ್ ಶುರುಮಾಡಿ. ಆ ಒಂದು ವಾಕ್ಯಕ್ಕೆ ಬಾರ್ಜ್-ಇನ್ (ಆ ಕಡೆಯವರು ನಡುವೆ ಮಾತಾಡಿದರೆ ಬಾಟ್ ನಿಲ್ಲಿಸುವ ಸೆಟ್ಟಿಂಗ್) ಆಫ್ ಇರಲಿ. ಇಲ್ಲದಿದ್ದರೆ ಆ ಕಡೆಯವರು ‘ಹಲೋ, ಯಾರು?’ ಅಂದ ತಕ್ಷಣ ಬಾಟ್ ಬಾಯಿ ಮುಚ್ಚುತ್ತದೆ, ರೆಕಾರ್ಡ್ ಎಂಬ ಪದ ಅವರ ಕಿವಿಗೇ ಬಿದ್ದಿರುವುದಿಲ್ಲ. ಆದರೂ ಲಾಗ್‌ನಲ್ಲಿ ‘ಸೂಚನೆ ನೀಡಲಾಗಿದೆ’ ಅಂತಲೇ ಇರುತ್ತದೆ!

ಪ್ರಶ್ನೆ: ‘ಬೇಡ’ ಅಂದರೆ ಕರೆ ಕಟ್ ಮಾಡಬೇಕೇ?

ಉತ್ತರ: ಬೇಕಿಲ್ಲ, ರೆಕಾರ್ಡ್ ಮಾಡದೆ ಮುಂದುವರಿಸಿ. ಆದರೆ ಆಡಿಯೊ ಬಿಟ್ಟು ಟ್ರಾನ್ಸ್‌ಕ್ರಿಪ್ಟ್ ಉಳಿಸಿಕೊಂಡರೆ ‘ಬೇಡ’ ಅಂದದ್ದಕ್ಕೆ ಅರ್ಥವಿಲ್ಲ. ಅದನ್ನೂ ಅಳಿಸಿ, ಅಪಾಯಿಂಟ್‌ಮೆಂಟಿನ ದಿನ, ಸಮಯವನ್ನಷ್ಟೇ ಇಟ್ಟುಕೊಳ್ಳಿ. ಎಐ ಜೊತೆ ಮಾತೇ ಬೇಡ ಅನ್ನುವವರನ್ನು ರಿಸೆಪ್ಷನ್‌ಗೆ ವರ್ಗಾಯಿಸಿ. ರೆಕಾರ್ಡ್ ಆಗುತ್ತಿರುವಾಗ ಫೋನು ಗಂಡನ ಕೈಯಿಂದ ಹೆಂಡತಿಯ ಕೈಗೆ ಹೋದರೆ ಮತ್ತೆ ಕೇಳಬೇಕು, ಮೊದಲಿನ ಒಪ್ಪಿಗೆ ಆಕೆಯದಲ್ಲ.

ಇನ್ನೊಬ್ಬರು: ಒಂದು ಸೇರಿಸುತ್ತೇನೆ. ಎಐ ದನಿಯೂ ಅಮೆರಿಕದ ಫೋನ್ ಕರೆಗಳ ಟಿಸಿಪಿಎ ಕಾಯಿದೆಯ ‘ಕೃತಕ ದನಿ’ಯೇ ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2024ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಕರೆ ಮಾಡಲು ಒಪ್ಪಿಗೆ ಬೇರೆ, ರೆಕಾರ್ಡಿಂಗಿಗೆ ಬೇರೆ. ಮೊದಲನೆಯದನ್ನು ರೋಗಿ ನೋಂದಣಿ ಫಾರಂನಲ್ಲೇ ಪಡೆದು, ದಿನಾಂಕ ಸಮೇತ ಇಟ್ಟುಕೊಳ್ಳಿ. ಮಾತನ್ನು ಪಠ್ಯವಾಗಿಸುವ ಕಂಪನಿಯ ಜೊತೆ ಹಿಪಾ (ಅಮೆರಿಕದ ಆರೋಗ್ಯ ಮಾಹಿತಿ ಗೋಪ್ಯತೆ) ನಿಯಮದ ಬಿಎಎ, ಅಂದರೆ ರೋಗಿಯ ಮಾಹಿತಿ ಕಾಪಾಡುವ ಒಪ್ಪಂದ ಆಗಿದೆಯಾ, ಅದನ್ನೂ ನೋಡಿ.