ಓದುಗರ ಸ್ಪಂದನ: ಅಪ್ಪ ಎಳೆದ ವೈರು

ಕಳೆದ ಸಂಚಿಕೆಯಲ್ಲಿ ಒಬ್ಬ ಮಗಳು ಬರೆದಿದ್ದರು. ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕೆಟ್ಟ ರೇಡಿಯೊ ಬಿಚ್ಚುತ್ತಾ ಬಿಚ್ಚುತ್ತಾ ಕೆಲಸ ಕಲಿತರು. ದೂರದಲ್ಲಿ ಸಿಕ್ಕ ಒಳ್ಳೆ ಕೆಲಸವನ್ನು ಮಕ್ಕಳಿಗಾಗಿ ಬಿಟ್ಟರು. ಮನೆಯ ವೈರಿಂಗ್ ಪೂರ್ತಿ ಅವರದೇ. ಕತ್ತಲೆಗೆ ಹೆದರುತ್ತಿದ್ದ ಮಗಳ ಕೈಗೆ ಸಿಗಲೆಂದು ಮಂಚದ ಪಕ್ಕಕ್ಕೇ ಒಂದು ಸ್ವಿಚ್ ಕೂರಿಸಿದ್ದರು. ಅದೇ ಮಗಳು ಈಗ ಎಲೆಕ್ಟ್ರಿಕಲ್ ಇಂಜಿನಿಯರ್. ಮೊನ್ನೆ ಒಂದು ಸಾಕೆಟ್ ಬಿಚ್ಚಿದರೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ತಂತಿಯೇ ಇಲ್ಲ. ಅರ್ತ್ ಪಿನ್ನಿನಿಂದ, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ಲಿಗೆ ಒಂದು ತುಂಡು ವೈರಿನ ಲೂಪ್. ಉಳಿದ ಸಾಕೆಟ್ಟುಗಳೂ ಹಾಗೇ. ‘ಅಪ್ಪನ ಮನಸ್ಸು ನೋಯಿಸದೆ ಹೇಗೆ ಹೇಳಲಿ? ಹೇಳಲೇಬೇಕಾ?’ ಎಂಬುದು ಅವರ ಪ್ರಶ್ನೆ.

ಪತ್ರಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದಿವೆ. ಚಿಕ್ಕದರಿಂದ ಶುರು ಮಾಡೋಣ.

*

ನಿಮ್ಮ ಡಿಗ್ರಿಗೆ ಫೀಸು ಕಟ್ಟಿದ ಕೈಯೇ ಆ ವೈರನ್ನೂ ಎಳೆದದ್ದು. ಇಷ್ಟು ವರ್ಷದಲ್ಲಿ ಯಾರಿಗಾದರೂ ಶಾಕ್ ಹೊಡೆದಿದೆಯಾ? ಇಲ್ಲ ತಾನೇ. ಸುಮ್ನೆ ಇರಿ.
— ಹೆಸರು ಬೇಡ ಎಂದವರು

*

‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಮಾತು ಇನ್ನೂ ಕೆಲವು ಪತ್ರಗಳಲ್ಲಿದೆ. ವೈರಿಂಗ್ ಕಲಿಸುವ ಮೇಷ್ಟ್ರೊಬ್ಬರ ಪತ್ರ ಅದಕ್ಕೇ ಬರೆದಂತಿದೆ.

*

ಈ ಲೂಪ್ ಹಾಕುವವರು ದಡ್ಡರಲ್ಲ. ಅವರನ್ನು ಏಮಾರಿಸುವುದು ಟೆಸ್ಟ್ ಲ್ಯಾಂಪ್. ಕರೆಂಟು ಬರುವ ಫೇಸಿಗೂ ಅರ್ತ್ ತೂತಿಗೂ ಬಲ್ಬ್ ಹಿಡಿದರೆ ಜಗ್ಗಂತ ಉರಿಯುತ್ತೆ. ‘ಅರ್ತ್ ಚೆನ್ನಾಗಿದೆ’ ಅಂದುಕೊಳ್ಳುತ್ತಾರೆ. ಅದು ಉರಿಯುತ್ತಿರುವುದು ನ್ಯೂಟ್ರಲ್ ಮೇಲೆ.

ನ್ಯೂಟ್ರಲ್ ಗಟ್ಟಿಯಾಗಿರುವ ತನಕ ಗೊತ್ತಾಗಲ್ಲ. ಎಲ್ಲೋ ಸ್ಕ್ರೂ ಸಡಿಲವಾಗಿ ಅದು ಬಿಟ್ಟುಕೊಂಡ ದಿನ, ಆನ್ ಇರುವ ಉಪಕರಣದ ಮೂಲಕ ಬಂದ ಕರೆಂಟು ಲೂಪ್ ದಾಟಿ ಫ್ರಿಜ್, ವಾಷಿಂಗ್ ಮಷಿನ್, ಇಸ್ತ್ರಿ ಪೆಟ್ಟಿಗೆಯ ಮೈಗೆ ಏರುತ್ತೆ. ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಎಂಸಿಬಿ, ಇದೆಯಲ್ಲ ಅನ್ನಬೇಡಿ. ಅದು ಕಾಯುವುದು ವೈರನ್ನು. 16 ಆಂಪ್ ಎಂಸಿಬಿ ಅಂದರೆ 16,000 ಮಿಲಿಆಂಪ್ ದಾಟುವ ತನಕ ಬೀಳಲ್ಲ. ಮನುಷ್ಯನನ್ನು ಕಾಯಲು ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ, ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಲೆಕ್ಕ ನೋಡಿ, 30 ಮಿಲಿಆಂಪ್ ಸೋರಿದರೇ ಬೀಳುತ್ತೆ. ಆದರೆ ಲೂಪ್ ಇರುವಾಗ ಅದೂ ಮೋಸ ಹೋಗುತ್ತೆ. ಮಷಿನ್ನಿನ ಮೈಗೆ ಸೋರಿದ ಕರೆಂಟು ನ್ಯೂಟ್ರಲ್ಲಿನಲ್ಲೇ ವಾಪಸ್ ಬಂದರೆ ಲೆಕ್ಕ ಸರಿಯಾಗೇ ಕಾಣುತ್ತಲ್ಲ. ಮೊದಲು ಲೂಪ್ ಬಿಚ್ಚಬೇಕು, ನಿಜವಾದ ಅರ್ತ್ ಎಳೆಯಬೇಕು. ಅಪ್ಪನಿಗೆ ಹೇಗೆ ಹೇಳೋದು ಅಂತ ನನಗೆ ಗೊತ್ತಿಲ್ಲ. ನಾನು ವೈರಿಂಗ್ ಮೇಷ್ಟ್ರು.
— ತರಬೇತಿ ಶಿಕ್ಷಕ

*

ಪತ್ರ ಪೂರ್ತಿ ಅಪ್ಪ, ಅಪ್ಪ, ಅಪ್ಪ. ವೈರಿಂಗ್ ಮಾಡುವಾಗ ಟಾರ್ಚ್ ಹಿಡಿದು ನಿಂತವರು ಯಾರು? ನಮ್ಮ ಮನೆಯಲ್ಲೂ ಇಂಥ ಒಬ್ಬರಿದ್ದಾರೆ. ಸಂಜೆ ತಪ್ಪದೆ ಮನೆಗೆ ಬರುತ್ತಾರೆ, ನಿಜ. ಊಟಕ್ಕೆ ಕೂತರೆ ಬೆರಳಲ್ಲಿ ತಟ್ಟೆ ಮೇಲೆ ಮಷಿನ್ ಗೇರಿನ ಚಿತ್ರ ಬಿಡಿಸುತ್ತಾರೆ. ನಮ್ಮ ಮಿಕ್ಸಿ ನಾಲ್ಕು ಸಲ ‘ಸುಧಾರಣೆ’ ಕಂಡಿದೆ. ನಾನು ಕೇಳಿದ್ದು ಒಂದು ಸಲ ರಿಪೇರಿ. ಇಸ್ತ್ರಿ ಪೆಟ್ಟಿಗೆ ದಿನಾ ಮುಟ್ಟುವುದು ನಿಮ್ಮಮ್ಮ ಅಲ್ವಾ? ಹೋಗಿ ಅವರಿಗೆ ಮೊದಲು ಹೇಳಿ.
— ಟಾರ್ಚ್ ಹಿಡಿದವಳು

*

ಕೇಳಿದ ಪ್ರಶ್ನೆ ಬೇರೆ ಇರಬಹುದು. ಆದರೆ ಕೊನೆಯ ವಾಕ್ಯವನ್ನು ನಾವು ಎರಡು ಸಲ ಓದಿದೆವು.

ಮುಂದಿನವರು ನಿವೃತ್ತ ಇತಿಹಾಸ ಶಿಕ್ಷಕಿ. ರೈಲು ಎಂಜಿನ್ ಬಗ್ಗೆ ಇದ್ದ ಆರು ಪುಟ ಬಿಟ್ಟಿದ್ದೇವೆ. ಅವರು ಕ್ಷಮಿಸಬೇಕು.

*

ರೈಲು ಎಂಜಿನ್ನಿಗೆ ಹೆಸರಾದ ಜಾರ್ಜ್ ಸ್ಟೀಫನ್ಸನ್ ಇಂಗ್ಲೆಂಡಿನ ಗಣಿಯಲ್ಲಿ ಕೆಲಸಕ್ಕಿದ್ದವನು. 18 ವರ್ಷದವರೆಗೆ ಓದು ಬರಹ ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತ. ಮಗ ರಾಬರ್ಟ್ ಹುಟ್ಟಿದ್ದು 1803ರಲ್ಲಿ. ಮೂರು ವರ್ಷದಲ್ಲಿ ಹೆಂಡತಿ ತೀರಿಹೋದಳು. ಮಗನನ್ನು ಒಳ್ಳೆಯ ಶಾಲೆಗೆ ಹಾಕಿದ. ಮಗ ಕಲಿತು ಬಂದದ್ದನ್ನು ಮನೆಯಲ್ಲಿ ತಾನೂ ಕೂತು ಕಲಿತ. 1829ರ ರೈಲು ಎಂಜಿನ್ ಸ್ಪರ್ಧೆಯಲ್ಲಿ ಗೆದ್ದ ‘ರಾಕೆಟ್’ ಎಂಬ ಎಂಜಿನ್ ತಯಾರಾದದ್ದು ಆ ಮಗನ ಕಾರ್ಖಾನೆಯಲ್ಲಿ. ಎಲ್ಲರಿಗೂ ಗೊತ್ತಿರುವುದು ಇದೇ. 1815ರ ಕಥೆ ಅಷ್ಟಾಗಿ ಗೊತ್ತಿಲ್ಲ. ಗಣಿಯಲ್ಲಿ ಸ್ಫೋಟ ಆಗದಂಥ ದೀಪ ಮಾಡಿದ ಸ್ಟೀಫನ್ಸನ್, ಅದನ್ನು ಹೊತ್ತಿಸಿ ಗ್ಯಾಸ್ ಸೋರುವ ಬಿರುಕಿನ ಮುಂದೆ ತಾನೇ ಹಿಡಿದು ನೋಡಿದ. ಸ್ವಂತ ಕಲಿತವರ ಧೈರ್ಯವೂ ಇದೇ, ಅಪಾಯವೂ ಇದೇ. ನಿಮ್ಮಪ್ಪ ಯಾವತ್ತಾದರೂ ನಿಮ್ಮ ಪುಸ್ತಕ ತಿರುವಿ ಹಾಕಿದ್ದರಾ? ಹಾಕಿದ್ದರೆ ನೀವು ಹೆದರಬೇಕಾಗಿಲ್ಲ.
— ನಿವೃತ್ತ ಶಿಕ್ಷಕಿ

*

ಕೆಳಗಿನ ಪತ್ರಕ್ಕೆ ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ನಮ್ಮಪ್ಪನೂ ಓದಿದವರಲ್ಲ. ಹಳೇ ಲೇತಿನ ಮುಂದೆ ನಿಂತೇ ಎಲ್ಲ ಕಲಿತರು. ಮೈಕ್ರೋಮೀಟರ್ ನೋಡುವುದನ್ನು ಯಾರೋ ಒಮ್ಮೆ ತೋರಿಸಿದ್ದರಂತೆ, ಅಷ್ಟೇ. ಸಂಜೆ ಏಳಕ್ಕೆ ಶೆಡ್ಡು ಮುಚ್ಚಿ ನಮ್ಮ ಹೋಂವರ್ಕಿನ ಪಕ್ಕ ಬಂದು ಕೂರುತ್ತಿದ್ದರು. ಹೇಳಿಕೊಡಲು ಅಲ್ಲ, ಕೇಳಿಸಿಕೊಳ್ಳಲು.

ನಾನು ಮೆಕ್ಯಾನಿಕಲ್ ಸೇರಿದ ವರ್ಷ ಅವರೊಂದು ಮಷಿನ್ ಕಟ್ಟಿದರು. ರಜೆಗೆ ಹೋದಾಗ ಚೀಲ ಇಡಲೂ ಬಿಡದೆ ಶೆಡ್ಡಿಗೆ ಕರೆದುಕೊಂಡು ಹೋದರು. ಮೋಟರು, ಬೆಲ್ಟು, ಎರಡು ಪುಲ್ಲಿ. ಬೆಲ್ಟಿಗೆ ಗಾರ್ಡ್ ಇರಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಮೊದಲ ದಿನ ಹೇಳಿಕೊಟ್ಟದ್ದೇ ಅದು. ಮಾತು ಬಾಯಿಯವರೆಗೆ ಬಂತು. ಅವರ ಮುಖ ನೋಡಿದೆ. ‘ತುಂಬಾ ಚೆನ್ನಾಗಿದೆ ಅಪ್ಪ’ ಅಂದೆ.

ಮೂರು ತಿಂಗಳಿಗೆ ಫೋನ್ ಬಂತು. ಅಂಗಿ ತೋಳು ಬೆಲ್ಟಿಗೆ ಸಿಕ್ಕಿ ಬಲಗೈ ಪುಲ್ಲಿಗೆ ಹೋಗಿತ್ತು. ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಕೈ ಎದೆ ಮೇಲಿಟ್ಟುಕೊಂಡು ಕೇಳಿದರು: ‘ಅದಕ್ಕೊಂದು ಮುಚ್ಚಳ ಹಾಕಬೇಕಿತ್ತು, ಅಲ್ವೇನೋ? ನಿಮ್ಮ ಪುಸ್ತಕದಲ್ಲಿ ಇದೆಯಾ ಅದು?’

‘ಗೊತ್ತಿಲ್ಲ ಅಪ್ಪ, ಆ ಪಾಠ ಇನ್ನೂ ಬಂದಿಲ್ಲ’ ಅಂದೆ.

ಆಮೇಲೆ ಅವರು ಎಡಗೈಯಲ್ಲಿ ಬರೆಯುವುದನ್ನೂ ತಾವೇ ಕಲಿತರು. ಆ ಕೈಯಲ್ಲೇ ಗಾರ್ಡಿನ ಚಿತ್ರ ಬರೆದು, ಅಳತೆ ಹಾಕಿ, ‘ಆ ಪಾಠ ಬಂದಾಗ ಸರಿ ಇದೆಯಾ ನೋಡಿ ಹೇಳು’ ಎಂದು ನೋಟ್‌ಬುಕ್ ಕೊಟ್ಟರು. ಈಗ ಅವರಿಲ್ಲ. ನಾನು ಹೇಳಲೇ ಇಲ್ಲ. ನಿಮ್ಮ ಪತ್ರ ಓದಿದ ರಾತ್ರಿ ಅದನ್ನು ತೆಗೆದು ನೋಡಿದೆ. ಅಳತೆ ಎಲ್ಲ ಸರಿಯಾಗೇ ಇದೆ.
— ಒಬ್ಬ ಮಗ

*

ಕೊನೆಯದಾಗಿ, ಎಪ್ಪತ್ತು ದಾಟಿದ ಒಬ್ಬರು. ಇವರೂ ಶಾಲೆ ಬಿಟ್ಟು ಕೆಲಸ ಕಲಿತವರು.

*

ನೋಡಮ್ಮ, ನಾನೂ ನಿಮ್ಮಪ್ಪನಂಥವನೇ. ನಮ್ಮಂಥವರಿಗೆ ‘ಪುಸ್ತಕದಲ್ಲಿ ಹೀಗಿದೆ’ ಅಂದರೆ ಮೈ ಉರಿಯುತ್ತೆ. ಪುಸ್ತಕ ಓದಿದವರು ಕೈಬಿಟ್ಟ ಮಷಿನ್ನನ್ನು ನಾವು ಓಡಿಸಿದ್ದೇವೆ. ಆದರೆ ಮೀಟರ್ ಹೇಳಿದರೆ ಕೇಳುತ್ತೇವೆ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, ಮಲ್ಟಿಮೀಟರನ್ನು ತಂತಿ ಕೂಡಿದ್ದರೆ ‘ಬೀಪ್’ ಅಂತ ಕೂಗುವ ಕಡೆಗೆ ಇಟ್ಟು ಅವರ ಕೈಗೇ ಕೊಡು. ಒಂದು ಕಡ್ಡಿ ನ್ಯೂಟ್ರಲ್ ತೂತಿಗೆ, ಒಂದು ಅರ್ತ್ ತೂತಿಗೆ. ಕೂಗಬಾರದು. ಕೂಗುತ್ತೆ. ನೀನು ಏನೂ ಹೇಳಬೇಡ, ಪಕ್ಕದಲ್ಲಿರು. ನಾನಾಗಿದ್ದರೆ ಅವತ್ತು ರಾತ್ರಿ ನಿದ್ದೆ ಮಾಡಲ್ಲ. ಎಷ್ಟು ವರ್ಷ ಮಕ್ಕಳನ್ನು ಅದರ ಪಕ್ಕ ಮಲಗಿಸಿದೆ ಅಂತ ಲೆಕ್ಕ ಹಾಕ್ತೀನಿ. ಬೆಳಿಗ್ಗೆ ನೀನು ಏಳೋ ಹೊತ್ತಿಗೆ ಏಣಿ ಹಾಕಿರ್ತೀನಿ. ಆ ವಯಸ್ಸಿನವರನ್ನು ಒಬ್ಬರೇ ಹತ್ತೋಕೆ ಬಿಡಬೇಡ. ಏಣಿ ನೀನು ಹಿಡ್ಕೋ.
— ಇನ್ನೊಬ್ಬ ಅಪ್ಪ

*

(ಈ ವಾರವೇ ಆದರೆ ಒಳ್ಳೆಯದು. ಮಂಚದ ಪಕ್ಕದ ಸ್ವಿಚ್ ಮಾತ್ರ ಇದ್ದಲ್ಲೇ ಇರಲಿ. — ಸಂ.)